ಯಜಮಾನರ ಟ್ರಕ್ಕು, ರೂಟ್ 66ರ ದಾರಿ

ಗುರುವಾರ

ಟ್ರಕ್ಕಿನ ಕೀ ಕೊಡುವಾಗ ಯಜಮಾನರ ಹೆಂಡತಿ ಹೇಳಿದ್ದು ಎರಡೇ ಮಾತು. ಅರವತ್ತೈದು ಮೈಲಿಗಿಂತ ಜೋರು ಹೋಗಬೇಡಿ, ನಡುಗುತ್ತದೆ. ಹಿಂದೆ ತುಂಬಿರುವ ಸಾಮಾನಿನಲ್ಲಿ ಒಂದನ್ನೂ ಬಿಸಾಡಬೇಡಿ, ಎಲ್ಲಾ ಮಗಳಿಗೆ ಸೇರಬೇಕು. ಮಗಳಿರುವುದು ಓಕ್ಲಹೋಮ ಸಿಟಿಯ ಪಕ್ಕದ ಎಡ್ಮಂಡ್‌ನಲ್ಲಿ. ಷಿಕಾಗೋ ಪಕ್ಕದ ನಮ್ಮ ಬರ್ವಿನ್‌ನಿಂದ ಸುಮಾರು 800 ಮೈಲಿ. ಯಾರಾದರೂ ಓಡಿಸಿಕೊಂಡು ಹೋಗುತ್ತೀರಾ ಎಂದು ಆಕೆ ನಮ್ಮ ಸಾಫ್ಟ್‌ಬಾಲ್ (ಬೇಸ್‌ಬಾಲಿನ ತಮ್ಮನಂಥ ಆಟ) ಟೀಮಿನವರನ್ನು ಕೇಳಿದಾಗ ಕೈ ಎತ್ತಿದವರು ನಾವಿಬ್ಬರು. ನಾನು, ಮತ್ತು ನಮ್ಮ ಫಸ್ಟ್ ಬೇಸ್, ಅಂದರೆ ಹೊಡೆದವನು ಓಡಿ ಮುಟ್ಟಬೇಕಾದ ಮೊದಲ ಗುರುತು, ಕಾಯುವ ಮಂಡ್ಯದ ಹುಡುಗ. ಹುಡುಗ ಅಂದೆ, ಈಗ ಅವನಿಗೂ ನಲವತ್ತು ದಾಟಿದೆ.

ಯಜಮಾನರು ಅಂತ ಅವರನ್ನು ಕರೆದವರು ನಾವೇ ಕನ್ನಡದವರು. ಮೂವತ್ತು ವರ್ಷ ಷಿಕಾಗೋ ನಗರದ ಬಸ್ಸು ಓಡಿಸಿ ರಿಟೈರ್ ಆದವರು. ಹುಟ್ಟಿ ಬೆಳೆದದ್ದು ದಕ್ಷಿಣ ಷಿಕಾಗೋದಲ್ಲಿ, ಮನೆ ಮಾಡಿದ್ದು ಬರ್ವಿನ್‌ನ ಇಟ್ಟಿಗೆ ಬಂಗಲೆಯಲ್ಲಿ. ಆ ಕಡೆಯ ಬೇಸ್‌ಬಾಲ್ ಟೀಮು ವೈಟ್ ಸಾಕ್ಸ್‌ನ ಭಕ್ತರು. ನಗರದ ಇನ್ನೊಂದು ಟೀಮು ಕಬ್ಸ್ ಹೆಸರೆತ್ತಿದರೆ ಉಗುಳುತ್ತಿದ್ದರು, ಬಾಯಲ್ಲಿ ಸೂರ್ಯಕಾಂತಿ ಬೀಜದ ಸಿಪ್ಪೆ ಇರುತ್ತಿದ್ದುದರಿಂದ ನಿಜವಾಗಿಯೂ. ಕಳೆದ ಮಾರ್ಚಿನಲ್ಲಿ, ಮೈದಾನದ ಹಿಮ ಇನ್ನೂ ಪೂರ್ತಿ ಕರಗುವ ಮೊದಲೇ, ಶ್ವಾಸಕೋಶದ ಕ್ಯಾನ್ಸರ್ ಅವರನ್ನು ಒಯ್ದಿತು.

ಪರಿಚಯವಾದದ್ದು ಒಬಾಮಾ ಇನ್ನೂ ನಮ್ಮ ರಾಜ್ಯದ ಸೆನೆಟರ್ ಆಗಿದ್ದ ಕಾಲದಲ್ಲಿ. ಪಾರ್ಕಿನಲ್ಲಿ ನಾವು ನಾಲ್ಕೈದು ಜನ ಟೆನಿಸ್ ಬಾಲ್ ಹಿಡಿದುಕೊಂಡು ಕ್ಯಾಚ್ ಆಡುತ್ತಿದ್ದೆವು. ಬೇಲಿಗೆ ಮೊಣಕೈ ಊರಿ ಬಹಳ ಹೊತ್ತು ನೋಡಿದವರು ಕೊನೆಗೆ ಒಳಗೆ ಬಂದು ಕೇಳಿದರು: "ನೀವು ಕೈಗೆ ಏನೂ ಹಾಕಿಕೊಳ್ಳುವುದಿಲ್ಲವೇ?" ಇಲ್ಲ, ಕ್ರಿಕೆಟ್‌ನಲ್ಲಿ ಹಾಗೇ ಹಿಡಿಯುವುದು, ಕೀಪರ್‌ಗೆ ಮಾತ್ರ ಗ್ಲವ್ಸ್ ಅಂದೆವು. "ಮಂಗಳವಾರ ಸಂಜೆ ಆರಕ್ಕೆ ಬನ್ನಿ. ನಮಗೆ ಇಬ್ಬರು ಕಡಿಮೆ ಬಿದ್ದಿದ್ದಾರೆ."

ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ಕಲಿತ ವಿದ್ಯೆಗೆ ಷಿಕಾಗೋದಲ್ಲಿ ಹೀಗೆ ಬೆಲೆ ಬರುತ್ತದೆಂದು ಯಾರು ಎಣಿಸಿದ್ದರು! ಅಮೆರಿಕದ ಬೇರೆಲ್ಲಾ ಕಡೆ ಸಾಫ್ಟ್‌ಬಾಲ್ ಅಂದರೆ 12 ಇಂಚು ಸುತ್ತಳತೆಯ ಚೆಂಡು, ಕೈಗೆ ಚರ್ಮದ ಗ್ಲವ್. ಷಿಕಾಗೋದಲ್ಲಿ ಮಾತ್ರ 16 ಇಂಚಿನ ದಪ್ಪ ಚೆಂಡು, ಬರಿಗೈ. ಹೊಸ ಚೆಂಡು ಕಲ್ಲೇ. ಎರಡು ಮೂರು ಇನ್ನಿಂಗ್ಸ್ ಹೊಡೆತ ತಿಂದ ಮೇಲೆ ಮೆತ್ತಗಾಗುತ್ತದೆ, ಆಟ ಮುಗಿಯುವ ಹೊತ್ತಿಗೆ ಎಷ್ಟು ಬೀಸಿದರೂ ದೂರ ಹೋಗುವುದಿಲ್ಲ. ಹಾಗಾಗಿ ಮೊದಲ ಸರದಿಯ ಬ್ಯಾಟಿಂಗ್ ಬೇರೆ, ಕೊನೆಯ ಸರದಿಯದೇ ಬೇರೆ. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಗ್ಲವ್ ಕೊಳ್ಳಲು ಕಾಸಿಲ್ಲದ ಗಲ್ಲಿಗಳಲ್ಲಿ ಈ ಆಟ ಬೇರು ಬಿಟ್ಟಿತು. ಒಂದು ಚೆಂಡು, ಒಂದು ಬ್ಯಾಟು ಇದ್ದರೆ ಇಡೀ ಬೀದಿ ಆಡಬಹುದಿತ್ತು. ಹಳೆಯ ಆಟಗಾರರ ಕೈ ಕುಲುಕಿದರೆ ತಿಳಿಯುತ್ತದೆ, ಒಂದಾದರೂ ಬೆರಳು ಸೊಟ್ಟಗಿರುತ್ತದೆ. ಯಜಮಾನರದು ಬಲಗೈ ಕಿರುಬೆರಳು ಮತ್ತು ಎಡಗೈಯ ಎರಡು.

ಹೊರಡುವ ಮೊದಲು ಫಾರೆಸ್ಟ್ ಪಾರ್ಕಿಗೆ ಹೋದೆವು, ಬರ್ವಿನ್‌ಗೆ ಅಂಟಿಕೊಂಡೇ ಇರುವ ಊರು. ಪ್ರತಿ ಬೇಸಿಗೆಯಲ್ಲಿ ಇಲ್ಲಿನ ಮೈದಾನದಲ್ಲಿ 'ನೋ ಗ್ಲವ್ಸ್ ನ್ಯಾಷನಲ್ಸ್' ಪಂದ್ಯಾವಳಿ ನಡೆಯುತ್ತದೆ. 16 ಇಂಚಿನವರ ಹಾಲ್ ಆಫ್ ಫೇಮ್ ಇರುವುದೂ ಇಲ್ಲೇ. ಅಲ್ಲಿ ಗೌರವ ಪಡೆದವರಲ್ಲಿ ಪತ್ರಕರ್ತ ಮೈಕ್ ರಾಯ್ಕೊ ಒಬ್ಬರು. 1977ರಲ್ಲಿ ಪಾರ್ಕಿನ ಲೀಗುಗಳಲ್ಲಿ ಗ್ಲವ್ ಹಾಕಿಕೊಳ್ಳಲು ಅನುಮತಿ ಕೊಟ್ಟಾಗ ಆತ ಕೋರ್ಟಿಗೆ ಹೋಗಿ, ಕೇಸು ಗೆದ್ದು, ಬರಿಗೈ ಆಟವನ್ನು ಉಳಿಸಿಕೊಂಡರು. ಇದು ಯಜಮಾನರ ಮೆಚ್ಚಿನ ಕತೆ. ಆಟ ಮುಗಿದು ಬಿಯರ್ ಬಾರಿನಲ್ಲಿ ಕೂತಾಗ ಹೊಸಬರು ಸಿಕ್ಕರೆ ಸಾಕು, ಶುರು. "ಗ್ಲವ್ ಹಾಕುವವರು ಓವನ್‌ನಿಂದ ಕೇಕ್ ತೆಗೆಯಲಿ" ಎಂಬುದು ಅವರ ಕೊನೆಯ ತೀರ್ಪು.

ಊರು ಬಿಡುವ ಹೊತ್ತಿಗೆ ಹನ್ನೊಂದು. ಬರ್ವಿನ್‌ನ ಆಗ್ಡನ್ ಅವೆನ್ಯೂ ಅಂದರೆ ಹಳೆಯ ರೂಟ್ 66ರ ತುಂಡು. ಈ ರಸ್ತೆ ಓಕ್ಲಹೋಮ ಸಿಟಿಯ ಮೇಲೇ ಹಾದು ಕ್ಯಾಲಿಫೋರ್ನಿಯಾ ಸೇರುತ್ತದೆ. ಮನೆ ಹತ್ತಿರದ ರಸ್ತೆ ಹಿಡಿದು ಸುಮ್ಮನೆ ಹೋಗುತ್ತಿದ್ದರೆ ಮಗಳ ಊರು ಬರುತ್ತದೆ ಅಂತ ಯಜಮಾನರು ಹೇಳುತ್ತಿದ್ದರು. ಬಸ್ ಡ್ರೈವರ್ ಲೆಕ್ಕಾಚಾರ. ಹೋಗುವುದು ಮಾತ್ರ ವಿಮಾನದಲ್ಲೇ ಆಗುತ್ತಿತ್ತು.

ಜೋಲಿಯೆಟ್ ದಾಟಿದ ಮೇಲೆ ಎರಡೂ ಕಡೆ ಕೊಯ್ಲಾದ ಮೆಕ್ಕೆಜೋಳದ ಹೊಲ. ಹಳೆ ರಸ್ತೆ ಎಷ್ಟೋ ಕಡೆ ಹೆದ್ದಾರಿಯ ಪಕ್ಕದಲ್ಲೇ ಬರುತ್ತದೆ, ಅರವತ್ತೈದರ ಮಿತಿಯ ನಮಗೆ ಅದೇ ಅನುಕೂಲ. ಪೊಂಟಿಯಾಕ್‌ನ ರೂಟ್ 66 ಮ್ಯೂಸಿಯಂನಲ್ಲಿ ಅರ್ಧ ಗಂಟೆ ನಿಂತೆವು. ಸಂಜೆ ಸ್ಪ್ರಿಂಗ್‌ಫೀಲ್ಡ್. ಕೋಜಿ ಡಾಗ್ ಎಂಬ ಹಳೆಯ ಹೋಟೆಲಿನಲ್ಲಿ ಮೆಕ್ಕೆಜೋಳದ ಹಿಟ್ಟಿನಲ್ಲಿ ಅದ್ದಿ ಕರಿದ, ಕಡ್ಡಿಗೆ ಚುಚ್ಚಿದ ಸಾಸೇಜು ಪ್ರಸಿದ್ಧ. ಮಂಡ್ಯದವನು ಮೂರು ತಿಂದ. ನಾನು ಮನೆಯಿಂದ ತಂದ ಒಗ್ಗರಣೆ ಮಂಡಕ್ಕಿಗೆ ಅಲ್ಲಿನ ಆಲೂ ಫ್ರೈಸ್ ನಂಚಿಕೊಂಡೆ.

ಶುಕ್ರವಾರ

ಬೆಳಿಗ್ಗೆ ಲಿಂಕನ್ ಸಮಾಧಿ. ಹೊರಗೆ ಲಿಂಕನ್ನರ ಕಂಚಿನ ತಲೆ ಇದೆ, ಬಂದವರೆಲ್ಲಾ ಮೂಗು ಉಜ್ಜಿ ಉಜ್ಜಿ ಮೂಗು ಮಾತ್ರ ಚಿನ್ನದ ಬಣ್ಣ. ಉಜ್ಜಿದರೆ ಅದೃಷ್ಟವಂತೆ. "ಟೂರ್ನಮೆಂಟ್ ಟೈಮಲ್ಲಿ ಬರ್ಬೇಕಿತ್ತು ಕಣಣ್ಣ" ಎಂದು ಇವನ ಪೇಚಾಟ.

ಮಿಸಿಸಿಪ್ಪಿಯನ್ನು ಹಳೆಯ ರೂಟ್ 66 ದಾಟುತ್ತಿದ್ದುದು ಚೈನ್ ಆಫ್ ರಾಕ್ಸ್ ಸೇತುವೆಯ ಮೇಲೆ. ಒಂದು ಮೈಲಿ ಉದ್ದದ ಸೇತುವೆ ನಡುನೀರಿನಲ್ಲಿ ಇದ್ದಕ್ಕಿದ್ದಂತೆ ಸೊಂಟ ತಿರುಗಿಸುತ್ತದೆ. ಈಗ ನಡೆಯುವವರಿಗೆ, ಸೈಕಲ್ಲಿನವರಿಗೆ ಮಾತ್ರ. ಆ ತಿರುವಿನಲ್ಲಿ ಬಸ್ಸು ಹೇಗೆ ಹೊರಳಿಸುತ್ತಿದ್ದರೋ ಎಂದು ಯಜಮಾನರಾಗಿದ್ದರೆ ಅರ್ಧ ತಾಸು ಲೆಕ್ಕ ಹಾಕುತ್ತಿದ್ದರು. ಸೇಂಟ್ ಲೂಯಿಸ್‌ನ ಟೆಡ್ ಡ್ರೂಸ್‌ನಲ್ಲಿ ಕಸ್ಟರ್ಡ್ ಐಸ್‌ಕ್ರೀಮು. ಎಷ್ಟು ಗಟ್ಟಿಯೆಂದರೆ ಕಪ್ಪನ್ನು ಬೋರಲು ಹಿಡಿದು ತೋರಿಸಿ ಕೊಡುತ್ತಾರೆ. ಆಮೇಲೆ ಮಳೆ ಹಿಡಿಯಿತು. ರೋಲಾ ತಲುಪಿ ಮಲಗಿದ್ದಷ್ಟೇ.

ಶನಿವಾರ

ಮಳೆ ನಿಂತಿತ್ತು. ಟಾರ್ಪಾಲಿನ ಕೆಳಗೆ ನೀರು ನುಗ್ಗಿದೆಯೇ ಎಂದು ನೋಡಲು ಸಾಮಾನು ಇಳಿಸಿದಾಗ ಮೊದಲ ಸಲ ಪೂರ್ತಿ ಕಣ್ಣಿಗೆ ಬಿತ್ತು. ಬ್ಯಾಟುಗಳ ಎರಡು ಚೀಲ. ರಬ್ಬರ್ ಬೇಸುಗಳು. ಮುಚ್ಚಳಕ್ಕೆ ಸ್ಪಂಜು ಹೊಲಿದ ಬಿಳಿ ಪ್ಲಾಸ್ಟಿಕ್ ಬಕೆಟ್ಟು. ಡಗ್‌ಔಟಿನಲ್ಲಿ ಬೆಂಚು ಖಾಲಿಯಿದ್ದರೂ ಯಜಮಾನರು ಕೂರುತ್ತಿದ್ದುದು ಇದರ ಮೇಲೇ. ಮತ್ತೊಂದು ಪೆಟ್ಟಿಗೆಯ ತುಂಬ ಸ್ಕೋರ್‌ಬುಕ್ಕುಗಳು. ಅದನ್ನು ಮುಂದೆ, ನಮ್ಮಿಬ್ಬರ ನಡುವಿನ ಸೀಟಿನಲ್ಲಿ ಇಟ್ಟುಕೊಂಡೆವು.

ಮಿಸೌರಿ ಮುಗಿದ ಮೇಲೆ ಕ್ಯಾನ್ಸಸ್ ಬರುತ್ತದೆ, ಬಂದದ್ದು ತಿಳಿಯುವಷ್ಟರಲ್ಲಿ ಹೋಗುತ್ತದೆ. ಆ ರಾಜ್ಯದಲ್ಲಿ ರೂಟ್ 66 ಇರುವುದು ಬರೀ 13 ಮೈಲಿ. ಆಚೆಗೆ ಓಕ್ಲಹೋಮ. ಸೀಸ, ಸತು ತೆಗೆಯುತ್ತಿದ್ದ ಗಣಿಗಳ ಸೀಮೆ ಇದು. ಗಣಿ ನಿಂತು ಎಷ್ಟೋ ಕಾಲವಾದರೂ ಕಲ್ಲುಪುಡಿಯ ಬೂದು ಗುಡ್ಡಗಳು ಇನ್ನೂ ನಿಂತಿವೆ. ಆ ಪುಡಿಯಲ್ಲಿ ಸೀಸವಿದ್ದುದರಿಂದ ಪಕ್ಕದ ಪಿಚರ್ ಎಂಬ ಊರನ್ನೇ ಜನ ಖಾಲಿ ಮಾಡಬೇಕಾಯಿತು.

ಇದೇ ಸೀಮೆಯ ಕಾಮರ್ಸ್ ಊರಿನಲ್ಲಿ ಬೇಸ್‌ಬಾಲಿನ ಮಿಕಿ ಮ್ಯಾಂಟಲ್ ಬೆಳೆದ ಮನೆಯಿದೆ. ಚಿಕ್ಕ ಮನೆ, ಪಕ್ಕದಲ್ಲಿ ಓರೆಯಾದ ತಗಡಿನ ಕೊಟ್ಟಿಗೆ. ಅಪ್ಪ ಮಟ್ ಗಣಿ ಕೆಲಸದವನು. ಮಗ ಹುಟ್ಟಿದಾಗಲೇ ಮಿಕಿ ಕೊಕ್ರೇನ್ ಎಂಬ ಕ್ಯಾಚರ್‌ನ (ಕ್ರಿಕೆಟ್ ಕೀಪರ್‌ನ ಹಾಗೆ ಹಿಂದೆ ಕೂತು ಚೆಂಡು ಹಿಡಿಯುವವನು) ಹೆಸರಿಟ್ಟವನು. ಸಂಜೆ ಕೆಲಸದಿಂದ ಬಂದು ಮಗನನ್ನು ಕೊಟ್ಟಿಗೆಗೆ ಬೆನ್ನು ಹಾಕಿ ನಿಲ್ಲಿಸುತ್ತಿದ್ದ. ಬಲಗೈಯ ಅಪ್ಪ ಎಸೆದರೆ ಹುಡುಗ ಎಡಗೈ ಆಟ ಆಡಬೇಕು, ಎಡಗೈಯ ಅಜ್ಜ ಎಸೆದರೆ ಬಲಗೈ ಆಟ. ಹೀಗೆ ಎರಡೂ ಕೈ ಪಳಗಿದವನು ಮುಂದೆ ನ್ಯೂಯಾರ್ಕ್ ಯಾಂಕೀಸ್‌ಗೆ ಆಡಿ 536 ಹೋಮ್ ರನ್ (ನಮ್ಮ ಸಿಕ್ಸರಿನಂಥದು) ಹೊಡೆದ. ಅಪ್ಪ ಅದರಲ್ಲಿ ಹೆಚ್ಚಿನದನ್ನು ನೋಡಲಿಲ್ಲ. 1952ರಲ್ಲಿ, ನಲವತ್ತರ ವಯಸ್ಸಿಗೇ ತೀರಿಕೊಂಡ.

ಕೊಟ್ಟಿಗೆಯ ತಗಡಿನ ಮೇಲೆ ಕೈ ಆಡಿಸುತ್ತಾ ಮಂಡ್ಯದವನು ಕೇಳಿದ: "ಯಜಮಾನ್ರ ಅಪ್ಪ ಏನ್ ಕೆಲ್ಸ ಮಾಡ್ತಿದ್ರಣ್ಣ?"

ನನಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ. ಯಜಮಾನರು ಮೂರನೆಯ ಚೆಂಡನ್ನು ಎಸೆಯುವ ಮೊದಲು ಎಡಭುಜ ಸ್ವಲ್ಪ ಇಳಿಸುತ್ತಾರೆ ಎಂಬುದು ಗೊತ್ತಿತ್ತು. ನಮ್ಮ ಪಿಚರ್, ಅಂದರೆ ಚೆಂಡೆಸೆಯುವವರು, ಅವರೇ. 16 ಇಂಚಿನ ಆಟದಲ್ಲಿ ಪಿಚರ್ ಎಸೆದಂತೆ ಮಾಡಿ ತಡೆದು, ಬೇಸ್ ಬಿಟ್ಟು ಮುಂದೆ ಬಂದ ಓಟಗಾರನ ಕಡೆಗೆ ಚೆಂಡು ತಿರುಗಿಸಬಹುದು. ಯಜಮಾನರು ಹಾಗೆ ತಿರುಗಿಸುವ ಮುನ್ನ ಫಸ್ಟ್ ಬೇಸಿನ ಕಡೆ ಅಪ್ಪಿತಪ್ಪಿಯೂ ನೋಡುವುದಿಲ್ಲ, ಬದಲಿಗೆ ಒಮ್ಮೆ ಕೆಮ್ಮುತ್ತಾರೆ. ಆ ಕೆಮ್ಮು ಇವನಿಗೆ ಸಂಜ್ಞೆ. ಎದುರಾಳಿಗಳು ಯಾವತ್ತೂ ಅದನ್ನು ಪತ್ತೆ ಮಾಡಲಿಲ್ಲ. ಕೊನೆಯ ಸೀಸನ್ನಿನಲ್ಲಿ ಕೆಮ್ಮು ನಿಜದ್ದಾಯಿತು. ಸುಮ್ಮಸುಮ್ಮನೆ ಇವನು ಬೇಸಿಗೆ ಓಡುತ್ತಿದ್ದ, ಚೆಂಡು ಬರುತ್ತಿರಲಿಲ್ಲ.

ಅವರ ಮಂಡಿ, ಅವರ ಸಿಟ್ಟು, ಯಾವ ಅಂಪೈರ್ ಕಂಡರೆ ಆಗದು, ಎರಡನೇ ಬಿಯರಿನ ನಂತರ ಯಾವ ಕತೆ, ಎಲ್ಲಾ ಬಲ್ಲೆವು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳವಾರ ಸಂಜೆಗಳ ಮನುಷ್ಯ ಅವರು. ಹಾಗೆಂದು ಅದು ತೆಳುವಾದ ಗೆಳೆತನವೆಂದು ನನಗೆ ಅನ್ನಿಸುವುದಿಲ್ಲ. ನನ್ನ ಅಮ್ಮ ಹೋದ ವಾರ, ಊರಿಗೆ ಹೋಗಿ ಬಂದು ನೇರ ಮೈದಾನಕ್ಕೆ ಇಳಿದಾಗ, ಅವರು ಏನೂ ಕೇಳದೆ ನನ್ನನ್ನು ಬ್ಯಾಟಿಂಗ್ ಸಾಲಿನಲ್ಲಿ ಮೊದಲಿಗೆ ಹಾಕಿದರು. "ಯೋಚನೆ ಮಾಡಲು ಪುರುಸೊತ್ತು ಸಿಗಬಾರದು" ಅಂದರು, ಅಷ್ಟೇ. ಮನೆಗೆ ಬಂದು ಎರಡೆರಡು ಗಂಟೆ ಸಮಾಧಾನ ಹೇಳಿದವರಿಗಿಂತ ಆ ಸಂಜೆ ನನಗೆ ಆದದ್ದು ಅವರೇ.

ಕಟೂಸಾದ ನೀಲಿ ತಿಮಿಂಗಿಲ ನೋಡಿ ಟಲ್ಸಾ ಸೇರಿದಾಗ ಕತ್ತಲಾಗಿತ್ತು. ಕೊಳದ ದಂಡೆಯ ಸಿಮೆಂಟಿನ ತಿಮಿಂಗಿಲ, ಮಕ್ಕಳಿದ್ದರೆ ಚೆನ್ನ.

ರಾತ್ರಿ ಮೋಟೆಲಿನ ಹಾಸಿಗೆಯ ಮೇಲೆ ಸ್ಕೋರ್‌ಬುಕ್ಕು ಹರಡಿಕೊಂಡೆವು. ಪೆನ್ಸಿಲಿನ ಬರಹ. ಮೂರು ಸಲ ಹೊಡೆಯಲಾಗದೆ ಔಟಾಗುವ ಸ್ಟ್ರೈಕ್ ಔಟಿಗೆ ಕೆ, ಸುಮ್ಮನೆ ನೋಡುತ್ತಾ ನಿಂತು ಔಟಾದರೆ ತಿರುಗಿಸಿದ ಕೆ. ಪ್ರತಿ ಫೀಲ್ಡರ್ ಜಾಗಕ್ಕೂ ಒಂದು ನಂಬರು; ಶಾರ್ಟ್‌ಸ್ಟಾಪ್‌ನಿಂದ (ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲುವವನು) ಸೆಕೆಂಡ್ ಬೇಸಿಗೆ, ಅಲ್ಲಿಂದ ಫಸ್ಟ್ ಬೇಸಿಗೆ ಚೆಂಡು ಹೋಗಿ ಇಬ್ಬರು ಔಟಾದರೆ 6-4-3. ಇದೆಲ್ಲಾ ಎಲ್ಲರೂ ಬರೆಯುವುದೇ. ಯಜಮಾನರು ಅಂಚಿನಲ್ಲಿ ಬೇರೆ ಬರೆದಿದ್ದರು. ಗಾಳಿ ಎಡಗಡೆಯಿಂದ. ಸೊಳ್ಳೆ. ಮೂರನೇ ಇನ್ನಿಂಗ್ಸ್‌ಗೇ ಚೆಂಡು ಹೋಯಿತು. ನಮ್ಮ ಮೊದಲ ಸೀಸನ್ನಿನ ಹಾಳೆಗಳಲ್ಲಿ ನಮ್ಮಿಬ್ಬರ ಹೆಸರೇ ಇಲ್ಲ. 'ಕ್ರಿಕೆಟ್ 1', 'ಕ್ರಿಕೆಟ್ 2' ಎಂದಿದೆ. ಜುಲೈ ಹೊತ್ತಿಗೆ ಹೆಸರು ಬರುತ್ತದೆ, ಅಕ್ಷರ ತಪ್ಪಿ. ಮುಂದಿನ ವರ್ಷ ಸರಿಯಾಗಿದೆ. ಯಾರನ್ನು ಕೇಳಿ ತಿದ್ದಿಕೊಂಡರೋ. ಒಂದು ಕಡೆ ಮಂಡಕ್ಕಿ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಡಗ್‌ಔಟಿಗೆ ನಾನು ಡಬ್ಬಿ ತಂದ ದಿನವಿರಬೇಕು.

"ಅಣ್ಣೋ, ನೋಡಿ ಇಲ್ಲಿ" ಎಂದ ಇವನು. ಹಳೆಯ ಪುಸ್ತಕಗಳಲ್ಲಿ ಒಂದು ನಮ್ಮ ಟೀಮಿನದಾಗಿರಲಿಲ್ಲ. ಎಸೆದ ಚೆಂಡುಗಳ ಎಣಿಕೆ ಮಾತ್ರ, ಸಾಲು ಸಾಲಾಗಿ, ಪುಟದ ಮೇಲೆ ಪುಟ. ಬ್ಯಾಟ್ಸ್‌ಮನ್ನುಗಳ ಹೆಸರಿಲ್ಲ, ರನ್ನಿಲ್ಲ. ಡಿಸೆಂಬರ್, ಜನವರಿ, ಫೆಬ್ರವರಿಯ ತಾರೀಕುಗಳು. ಷಿಕಾಗೋದ ಜನವರಿಯಲ್ಲಿ ಯಾರು ಸಾಫ್ಟ್‌ಬಾಲ್ ಆಡುತ್ತಾರೆ?

ಭಾನುವಾರ

ಆರ್ಕೇಡಿಯಾದಲ್ಲಿ 1898ರಲ್ಲಿ ಕಟ್ಟಿದ ಗುಂಡನೆಯ ಕೆಂಪು ಕಣಜ, ಸ್ವಲ್ಪ ಆಚೆ 66 ಅಡಿ ಎತ್ತರದ ಸೋಡಾ ಬಾಟಲಿ ನಿಲ್ಲಿಸಿದ ಅಂಗಡಿ. ಬಾಟಲಿಯ ಮುಂದೆ ಎಲ್ಲರಂತೆ ಫೋಟೋ ತೆಗೆಸಿಕೊಂಡೆವು. ಅಲ್ಲಿಂದ ಎಡ್ಮಂಡ್ ಪಕ್ಕದಲ್ಲೇ.

ಮಗಳು ಮನೆಯಲ್ಲಿರಲಿಲ್ಲ, ಮೈದಾನಕ್ಕೇ ಬನ್ನಿ ಎಂದು ಮೆಸೇಜು ಮಾಡಿದ್ದರು. ಹನ್ನೆರಡು ವರ್ಷದೊಳಗಿನ ಹುಡುಗಿಯರಿಗೆ ಅವರು ಕೋಚ್. ಟ್ರಕ್ಕು ಗೇಟಿನೊಳಗೆ ತಿರುಗಿದ್ದೇ ತಡ, ಸೀಟಿ ಊದಿ ಅಭ್ಯಾಸ ನಿಲ್ಲಿಸಿ ಓಡಿಬಂದರು. ನಮ್ಮನ್ನು ಅಪ್ಪಿಕೊಳ್ಳುತ್ತಾರೆಂದುಕೊಂಡೆ. ನಮ್ಮನ್ನು ದಾಟಿ ಹೋಗಿ ಟಾರ್ಪಾಲು ಎತ್ತಿ, "ಬಕೆಟ್ ತಂದಿರಾ?" ಎಂದರು.

ತಂದಿದ್ದೆವು. ಆಕೆ ಅದನ್ನು ಇಳಿಸಿ, ಮುಚ್ಚಳ ತೆಗೆದು ಒಳಗೆ ಕೈ ಹಾಕಿ, ಹಳೆಯ ಟವೆಲಿನಲ್ಲಿ ಸುತ್ತಿದ್ದೊಂದನ್ನು ತೆಗೆದರು. ಕ್ಯಾಚರ್‌ನ ದಪ್ಪ ಮಿಟ್, ಅಂದರೆ ಗ್ಲವ್. ಅಂಗೈ ಜಾಗದಲ್ಲಿ ಚರ್ಮ ಸವೆದು ಕಪ್ಪಾಗಿತ್ತು.

ಮಂಡ್ಯದವನು ನನ್ನ ಮುಖ ನೋಡಿದ. "ಇದು ಯಾರದು?" ಎಂದು ನಾನೇ ಕೇಳಿದೆ.

"ಅಪ್ಪನದು."

ಹೈಸ್ಕೂಲಿನಲ್ಲಿ ಆಕೆ ಫಾಸ್ಟ್‌ಪಿಚ್ ಪಿಚರ್ ಆಗಿದ್ದರಂತೆ. ಅದು ನಮ್ಮ ಮಂಗಳವಾರದ ಆಟದ ಹಾಗೆ ಎತ್ತರಕ್ಕೆ ತೂರುವ ಚೆಂಡಲ್ಲ. ತೋಳನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಸೊಂಟದ ಪಕ್ಕದಿಂದ ಸಿಡಿಸುವುದು. ಪಿಚರ್‌ಗೂ ಬ್ಯಾಟ್ ಹಿಡಿದವರಿಗೂ ನಡುವೆ ಇರುವುದು ನಲವತ್ತು ಚಿಲ್ಲರೆ ಅಡಿ. ಹೆಣ್ಣುಮಕ್ಕಳು ಪಿಚಿಂಗ್ ಕಲಿಯುವ ಮನೆಗಳಲ್ಲಿ ಅಪ್ಪನೊಬ್ಬ ಬಕೆಟ್ ಬೋರಲು ಹಾಕಿ ಕೂತು ಚೆಂಡು ಹಿಡಿಯುವುದು ಅಮೆರಿಕದಲ್ಲಿ ಊರೂರಲ್ಲೂ ಕಾಣುವ ನೋಟ. ಬಸ್ಸಿನ ಬೆಳಗಿನ ಪಾಳಿ ಮುಗಿಸಿ ಬಂದು ಈ ಅಪ್ಪನೂ ಕೂರುತ್ತಿದ್ದರು. ಚಳಿಗಾಲದಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ. ಪ್ರತಿ ಸಂಜೆ ಎಷ್ಟು ಚೆಂಡು, ಎಷ್ಟು ಸ್ಟ್ರೈಕ್ ಎಂದು ಬರೆದಿಟ್ಟಿದ್ದೇ ನಾವು ರಾತ್ರಿ ನೋಡಿದ ಪುಸ್ತಕ.

ಓವನ್ನಿನ ಕೇಕಿನ ಮಾತು ಆಕೆಗೆ ಹೇಳಿದೆ. ಮೈದಾನದ ಅಂಚಿನಲ್ಲಿ ಬಕೆಟ್ಟಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಿಮಗೆ ಹೇಳಿರುತ್ತಾರೆಯೇ! ಈ ಮಿಟ್ ಕೊಳ್ಳಲು ನಾವು ಕಬ್ಸ್‌ನವರ ಏರಿಯಾದ ಅಂಗಡಿಗೆ ಹೋಗಿದ್ದೆವು, ಗುರುತಿನವರು ಯಾರೂ ನೋಡಬಾರದೆಂದು."

ಹುಡುಗಿಯರು ಕಾಯುತ್ತಿದ್ದರು. ಆಕೆ ನಮ್ಮಿಬ್ಬರನ್ನೂ ಸುಮ್ಮನೆ ಬಿಡಲಿಲ್ಲ. ಮಂಡ್ಯದವನು ಫಸ್ಟ್ ಬೇಸಿನಲ್ಲಿ, ನಾನು ನೆಲಚೆಂಡು ಹೊಡೆಯುವ ಕೆಲಸಕ್ಕೆ. ಇವನು ಬರಿಗೈಯಲ್ಲಿ ಹಿಡಿಯುವುದನ್ನು ನೋಡಿ ಹುಡುಗಿಯೊಬ್ಬಳು ತನ್ನ ಗ್ಲವ್ ಬಿಚ್ಚಿ ಎಸೆದಳು. ಕೋಚಮ್ಮ ಗದರಿ ಮತ್ತೆ ಹಾಕಿಸಿದರು.

ಊಟದ ಹೊತ್ತಿಗೆ ನಾನು ಕೇಳಿದೆ, ನಿಮ್ಮ ತಾತ ಏನು ಕೆಲಸ ಮಾಡುತ್ತಿದ್ದರು? ಷಿಕಾಗೋದ ಕಸಾಯಿಖಾನೆಗಳಲ್ಲಿ ಕೂಲಿ, 1971ರಲ್ಲಿ ಅಲ್ಲಿನ ಯೂನಿಯನ್ ಸ್ಟಾಕ್‌ಯಾರ್ಡ್ಸ್ ಮುಚ್ಚುವವರೆಗೂ. ಆಮೇಲೆ ರಾತ್ರಿ ಕಾವಲು. ಒಳ್ಳೆಯ ಶಾರ್ಟ್‌ಸ್ಟಾಪ್ ಆಗಿದ್ದರಂತೆ. ಅವರ ಬೆರಳೂ ಸೊಟ್ಟ.

ಸೋಮವಾರ

ಸಂಜೆ ವಿಮಾನ. ಬೆಳಿಗ್ಗೆ ಆಕೆ ಅಪ್ಪನ ಟ್ರಕ್ಕಿನಲ್ಲೇ ನಮ್ಮನ್ನು ಕೂರಿಸಿಕೊಂಡು ಓಕ್ಲಹೋಮ ಸಿಟಿಗೆ ಕರೆದೊಯ್ದರು. ಎಂಬತ್ತರಲ್ಲಿ ಓಡಿಸಿದರು. ನಡುಗಿತು. ಅವರಿಗೆ ಅದರ ಪರಿವೆ ಇರಲಿಲ್ಲ.

ಇಡೀ ದೇಶದ ಸಾಫ್ಟ್‌ಬಾಲಿನ ಕೇಂದ್ರ ಕಚೇರಿ, ಹಾಲ್ ಆಫ್ ಫೇಮ್, ದೊಡ್ಡ ಕ್ರೀಡಾಂಗಣ ಎಲ್ಲಾ ಇಲ್ಲಿ ಒಂದೇ ಆವರಣದಲ್ಲಿವೆ. ಕ್ರೀಡಾಂಗಣದ ಈಗಿನ ಹೆಸರು ಡೆವನ್ ಪಾರ್ಕ್. ಕಾಲೇಜು ಹೆಣ್ಣುಮಕ್ಕಳ ವರ್ಲ್ಡ್ ಸೀರೀಸ್ 1990ರಿಂದ ಹೆಚ್ಚುಕಡಿಮೆ ಪ್ರತಿ ವರ್ಷ ನಡೆಯುವುದು ಇಲ್ಲೇ. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನ ಸಾಫ್ಟ್‌ಬಾಲ್ ಕೂಡ ಇಲ್ಲಿಗೇ ಬರುತ್ತದೆ. ಲಾಸ್ ಏಂಜಲಿಸ್‌ನಿಂದ ಸಾವಿರಕ್ಕೂ ಹೆಚ್ಚು ಮೈಲಿ ದೂರ. "ನಮ್ಮೂರಲ್ಲಿ ದಸರಾ ಅಂತ ಹೇಳ್ಬುಟ್ಟು ಕುಸ್ತಿ ಮಾತ್ರ ದಿಲ್ಲೀಲಿ ಇಟ್ಟಂಗಾಯ್ತು" ಎಂದ ಮಂಡ್ಯದವನು.

ಮ್ಯೂಸಿಯಂನಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಆಟ ಹುಟ್ಟಿದ ಕತೆಯ ಮುಂದೆ. 1887ರ ನವೆಂಬರ್, ಥ್ಯಾಂಕ್ಸ್‌ಗಿವಿಂಗ್ ದಿನ, ಷಿಕಾಗೋದ ಫ್ಯಾರಗಟ್ ಬೋಟ್ ಕ್ಲಬ್ಬು. ಯೇಲ್ ಮತ್ತು ಹಾರ್ವರ್ಡ್ ಫುಟ್‌ಬಾಲ್ ಪಂದ್ಯದ ಫಲಿತಾಂಶಕ್ಕೆ ಕಾದು ಕೂತಿದ್ದ ಯುವಕರು. ಯೇಲ್ ಗೆದ್ದ ಸುದ್ದಿ ಬಂದಾಗ ಒಬ್ಬ ಬಾಕ್ಸಿಂಗ್ ಗ್ಲವ್ ಒಂದನ್ನು ಎದುರು ಪಕ್ಷದವನ ಕಡೆ ಎಸೆದ, ಅವನು ಕೈಯಲ್ಲಿದ್ದ ಕೋಲಿನಿಂದ ಬಾರಿಸಿದ. ಜಾರ್ಜ್ ಹ್ಯಾನ್‌ಕಾಕ್ ಎಂಬ ಪತ್ರಕರ್ತ ಆ ಗ್ಲವ್ವನ್ನೇ ಬಿಗಿದು ಕಟ್ಟಿ ಚೆಂಡು ಮಾಡಿದ. ಕತೆ ನಮಗೆ ಹೊಸದಲ್ಲ, ಯಜಮಾನರ ಬಾಯಲ್ಲಿ ಕೇಳಿದ್ದೆವು. ಆದರೆ ಆ ಮೊದಲ ಚೆಂಡು ಒಂದು ಗ್ಲವ್ ಆಗಿತ್ತೆಂಬುದನ್ನು ಅವರು ನಮಗೆ ಹೇಳಿರಲಿಲ್ಲ. ಹಳೇ ಬಟ್ಟೆ ಸುತ್ತಿದ್ದರು ಎಂದಿದ್ದರು.

ಮಗಳು ಹೋಗಿ ನಿಂತದ್ದು ಜೋನ್ ಜಾಯ್ಸ್ ಹೆಸರಿನ ಮುಂದೆ. 1961ರ ಪ್ರದರ್ಶನ ಪಂದ್ಯವೊಂದರಲ್ಲಿ ಬೇಸ್‌ಬಾಲಿನ ಮಹಾ ಬ್ಯಾಟ್ಸ್‌ಮನ್ ಟೆಡ್ ವಿಲಿಯಮ್ಸ್‌ರನ್ನು ಸ್ಟ್ರೈಕ್ ಔಟ್ ಮಾಡಿದ ಪಿಚರ್ ಅವರು. "ಬಕೆಟ್ ಮೇಲೆ ಕೂತು ಅಪ್ಪ ಕೂಗುತ್ತಿದ್ದುದು ಇವರ ಹೆಸರನ್ನು" ಎಂದರು ಆಕೆ.

ವಿಮಾನ ನಿಲ್ದಾಣದಲ್ಲಿ ಕಾಫಿ ಕುಡಿಯುತ್ತಿದ್ದಾಗ ಇಬ್ಬರ ಫೋನಿಗೂ ಒಟ್ಟಿಗೇ ಮ್ಯಾನೇಜರ್ ಮೆಸೇಜು ಬಂತು. ಮುಂದಿನ ಸೀಸನ್ನಿಗೆ ಹೆಸರು ಕೊಡುವುದಿದೆ, ದುಡ್ಡು ಕಳಿಸಿ, ಪಿಚಿಂಗ್ ಯಾರು ಮಾಡುತ್ತೀರಿ ತಿಳಿಸಿ. ಈ ಬೇಸಿಗೆಯಿಡೀ ಹೇಗೋ ಸರದಿ ಮೇಲೆ ಎಸೆದು ಹೆಚ್ಚಿನ ಪಂದ್ಯ ಸೋತಿದ್ದೆವು.

"ನಾನು ಮಾಡ್ತೀನಿ ಅಂತ ಹಾಕ್ಬುಡ್ಲಾ?" ಎಂದ ಇವನು.

"ನಿನ್ನ ಚೆಂಡು ಆರಡಿ ಎತ್ತರಕ್ಕೇ ಏರಲ್ಲೋ. ಎದೆ ಮಟ್ಟಕ್ಕೆ ಬರ್ತದೆ, ಬಾರಿಸಿ ಕಳಿಸ್ತಾರೆ."

"ಏರಿಸ್ತೀನಿ ಕಣಣ್ಣ. ಇನ್ನೂ ಆರು ತಿಂಗಳು ಟೈಮದೆ. ನಮ್ಮ ಬೇಸ್‌ಮೆಂಟ್ ಖಾಲಿ ಅದೆ. ನೀವು ಬಕೆಟ್ ಮೇಲೆ ಕೂತ್ಕಳಿ."

"ಬರಿಗೈಲೇ?"

"ಗ್ಲವ್ ಹಾಕ್ಕಳಿ, ಯಾರ್ಗೂ ಹೇಳಕಿಲ್ಲ" ಎಂದು ಮ್ಯಾನೇಜರಿಗೆ ಮೆಸೇಜು ಒತ್ತಿಯೇಬಿಟ್ಟ.